ವೆಂಕಟಪ್ಪ ಚಿತ್ರಶಾಲೆಯನ್ನು ನೋಡುವ ಬಗೆ

ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ, ಕೆಂಪು ಬಣ್ಣದ ಹಳೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದಂತೆ ಇರುವ ವೆಂಕಟಪ್ಪ ಚಿತ್ರಶಾಲೆಯು ಈ ನಾಡಿನ ಕಲಾವಿದರ ಕೃತಿಗಳನ್ನು ಸಾರ್ವಜನಿಕರಿಗಾಗಿ ಕಾಪಿಟ್ಟಿರುವ ಸರ್ಕಾರಿ ಸಂಗ್ರಹ. ಪಕ್ಕದ ವಿಶ್ವೇಶ್ವರಯ್ಯ ಮ್ಯೂಸಿಯಂಗೆ ಬರುವವರಲ್ಲಿ ಬಹುಪಾಲು ಜನ ಇತ್ತ ತಿರುಗಿಯೂ ನೋಡುವುದಿಲ್ಲ. ಒಳಗೆ ಬಂದವರೂ ಗೋಡೆಯುದ್ದಕ್ಕೆ ಸರಸರನೆ ನಡೆದು ಹೊರಬೀಳುತ್ತಾರೆ. ಇಲ್ಲಿರುವುದೆಲ್ಲ ದೂರದಿಂದ ಕಣ್ಸೆಳೆಯುವ ದೊಡ್ಡ ತೈಲಚಿತ್ರಗಳಲ್ಲ. ಆದ್ದರಿಂದ ಈ ಸಂಗ್ರಹವನ್ನು ನೋಡುವುದಕ್ಕೆ ಒಂದಿಷ್ಟು ಸಿದ್ಧತೆ ಬೇಕು.

ಕಬ್ಬನ್ ಪಾರ್ಕ್ ಮೆಟ್ರೋ ನಿಲ್ದಾಣದಲ್ಲಿ ಇಳಿದರೆ ನಡೆದೇ ಹೋಗಬಹುದು. ನವೀಕರಣದ ಕಾರಣಕ್ಕೆ ಬಾಗಿಲು ಮುಚ್ಚಿದ ಅವಧಿಗಳೂ ಉಂಟಾದುದರಿಂದ, ತೆರೆದಿದೆಯೇ ಎಂದು ಮೊದಲೇ ವಿಚಾರಿಸಿಕೊಂಡು ಹೊರಡುವುದು ಲೇಸು. ಜೊತೆಗೆ ಒಂದು ಪೆನ್ಸಿಲ್ ಮತ್ತು ಚಿಕ್ಕ ಪುಸ್ತಕ ಇರಲಿ.

ಎಲ್ಲವನ್ನೂ ಒಂದೇ ದಿನ ನೋಡಿ ಮುಗಿಸುವ ಹಟ ಬೇಡ. ಮೊದಲ ಭೇಟಿಯನ್ನು ಪೂರ್ತಿಯಾಗಿ ಕೆ. ವೆಂಕಟಪ್ಪನವರಿಗೇ ಮೀಸಲಿಡಿ. 1886ರಲ್ಲಿ ಮೈಸೂರಿನಲ್ಲಿ, ಅರಮನೆಯ ಚಿತ್ರಗಾರರ ಮನೆತನದಲ್ಲಿ ಹುಟ್ಟಿದ ಅವರು ಕಲ್ಕತ್ತಾದ ಸರ್ಕಾರಿ ಕಲಾಶಾಲೆಯಲ್ಲಿ ಅವನೀಂದ್ರನಾಥ ಠಾಕೂರರ ಶಿಷ್ಯರಾಗಿ, ನಂದಲಾಲ ಬೋಸರ ಸಹಪಾಠಿಯಾಗಿ ಕಲಿತು, ಮರಳಿ ಬಂದು ಮೈಸೂರು, ಬೆಂಗಳೂರುಗಳಲ್ಲಿ ಬಾಳಿ, 1965ರಲ್ಲಿ ತೀರಿಕೊಂಡರು. ಈ ಹಿನ್ನೆಲೆಯನ್ನು ತಿಳಿದು ಹೋದರೆ ಅವರ ಚಿತ್ರಗಳಲ್ಲಿ ಎರಡು ಬಗೆಯ ಕೈಚಳಕ ಕಾಣಸಿಗುತ್ತದೆ. ಪುರಾಣದ ವಸ್ತುವುಳ್ಳ ಚಿತ್ರಗಳಲ್ಲಿ ಕಲ್ಕತ್ತಾದ ವಾಷ್ ಪದ್ಧತಿಯ ಪಾಠವನ್ನು ಹುಡುಕಿ: ಬಣ್ಣ ಹಚ್ಚಿದ ಕಾಗದವನ್ನು ನೀರಿನಲ್ಲಿ ನೆನೆಸಿ, ಮತ್ತೆ ಬಣ್ಣ ಹಚ್ಚಿ, ಮತ್ತೆ ನೆನೆಸುವ ಈ ಕ್ರಮದಲ್ಲಿ ಅಂಚುಗಳು ಕರಗಿ ಇಡೀ ಚಿತ್ರಕ್ಕೆ ಮಂಜು ಕವಿದಂಥ ಮೃದುತ್ವ ಬರುತ್ತದೆ. ಆ ಮಂಜಿನ ನಡುವೆಯೂ ಒಡವೆಯ ಅಂಚು, ಬೆರಳಿನ ತುದಿ, ಕಣ್ಣಿನ ರೆಪ್ಪೆ ಎಷ್ಟು ಬಿಗಿಯಾಗಿ ಮೂಡಿವೆ ಎಂಬುದನ್ನು ಗಮನಿಸಿ. ಆ ಬಿಗಿ ಮೈಸೂರಿನ ಮನೆತನದ ಬಳುವಳಿ ಎಂಬುದು ನನ್ನ ಎಣಿಕೆ.

ಊಟಿ ಮತ್ತು ಕೊಡೈಕೆನಾಲಿನ ನಿಸರ್ಗಚಿತ್ರಗಳನ್ನು ನೋಡುವ ರೀತಿಯೇ ಬೇರೆ. ಅವು ಗಾತ್ರದಲ್ಲಿ ಸಣ್ಣವು, ಹಾಗಾಗಿ ಮೊದಲು ಒಂದು ಮಾರು ದೂರ ನಿಂತು ಬೆಳಕು ಯಾವ ಕಡೆಯಿಂದ ಬರುತ್ತಿದೆ, ಮೋಡ ಯಾವ ಗುಡ್ಡದ ಮೇಲೆ ಕೂತಿದೆ ಎಂದು ಗುರುತಿಸಿಕೊಂಡು, ಆಮೇಲೆ ಹತ್ತಿರ ಸರಿಯಿರಿ. ಗಾಜಿನಲ್ಲಿ ನಿಮ್ಮದೇ ಮುಖ ಕಾಣುತ್ತಿದ್ದರೆ ಅರ್ಧ ಹೆಜ್ಜೆ ಓರೆಯಾಗಿ ನಿಲ್ಲಬೇಕು. ಕೋಣೆಯಲ್ಲಿ ಬೆಳಕು ಮಂದವಾಗಿದ್ದರೆ ಗೊಣಗುವುದು ಬೇಡ, ಏಕೆಂದರೆ ಕಾಗದದ ಮೇಲಿನ ಜಲವರ್ಣವು ಬೆಳಕಿಗೆ ಮಾಸುತ್ತದೆ. ಒಂದೆರಡು ನಿಮಿಷ ಕಾದರೆ ಕಣ್ಣು ತಾನಾಗಿ ಹೊಂದಿಕೊಳ್ಳುತ್ತದೆ. ಇದೇ ಕಾರಣಕ್ಕೆ ಮೊಬೈಲಿನ ಫ್ಲ್ಯಾಷ್ ಬೆಳಗಿಸುವುದು ಸಲ್ಲದು. ಫೋಟೊ ತೆಗೆಯುವ ಬದಲು ಗುಡ್ಡದ ಗೆರೆಯೊಂದನ್ನು ಪೆನ್ಸಿಲಿನಲ್ಲಿ ನಕಲು ಮಾಡಲು ಯತ್ನಿಸಿ. ಚಿತ್ರ ಬರೆಯಲು ಬಾರದವರಿಗೂ, ಆ ಒಂದು ಗೆರೆ ಎಲ್ಲೆಲ್ಲಿ ಬಾಗಿದೆ ಎಂಬುದು ಆಗ ತಿಳಿಯುತ್ತದೆ.

ಪ್ಲಾಸ್ಟರ್ ಆಫ್ ಪ್ಯಾರಿಸ್‌ನ ಉಬ್ಬುಶಿಲ್ಪಗಳ ಮುಂದೆ ನೇರವಾಗಿ ನಿಂತರೆ ಸಾಲದು. ಉಬ್ಬು ಬಹಳ ತೆಳುವಾಗಿರುವಲ್ಲಿ ಆಕೃತಿಯನ್ನು ತೋರಿಸುವುದು ನೆರಳೇ ಆದ್ದರಿಂದ, ಎಡದಿಂದ ಬಲಕ್ಕೆ ನಿಧಾನವಾಗಿ ನಡೆಯುತ್ತ ಬಟ್ಟೆಯ ನೆರಿಗೆಯಲ್ಲಿ, ಕೆನ್ನೆಯ ಇಳಿಜಾರಿನಲ್ಲಿ ನೆರಳು ಹೇಗೆ ಬದಲಾಗುತ್ತದೆ ಎಂದು ನೋಡಬೇಕು. ಇಂಥ ಶಿಲ್ಪಗಳ ಕೆಲಸವನ್ನು ವೆಂಕಟಪ್ಪನವರಿಗೆ ವಹಿಸಿದ್ದವರು ನಾಲ್ವಡಿ ಕೃಷ್ಣರಾಜ ಒಡೆಯರು. 1940ರಲ್ಲಿ ಮಹಾರಾಜರು ಕಾಲವಾದ ಬಳಿಕ ಆ ಕೆಲಸ ನಿಂತುಹೋಯಿತು.

ಸಂಗೀತ ಬಲ್ಲವರು ‘ವೀಣೆಯ ಹುಚ್ಚು’ ಎಂಬ 1926ರ ಚಿತ್ರವನ್ನು ಪ್ರದರ್ಶನದಲ್ಲಿದ್ದರೆ ತಪ್ಪದೆ ಹುಡುಕಿ ನೋಡಬೇಕು. ವೀಣೆ ಶೇಷಣ್ಣನವರಲ್ಲಿ ವೀಣೆ ಕಲಿತ ವೆಂಕಟಪ್ಪನವರು, ಕುಂಚ ಮತ್ತು ವೀಣೆಗಳ ನಡುವೆ ತಾವು ಪಟ್ಟ ತಳಮಳವನ್ನೇ ಅದರಲ್ಲಿ ಚಿತ್ರಿಸಿದ್ದಾರೆ. ಶೇಷಣ್ಣನವರು ತೀರಿಕೊಂಡದ್ದೂ ಅದೇ ವರ್ಷ.

ಎರಡನೆಯ ಭೇಟಿಗೆ ಕೆ.ಕೆ. ಹೆಬ್ಬಾರರ ಕೃತಿಗಳನ್ನು ಇಟ್ಟುಕೊಳ್ಳಿ. ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿ ಮುಂಬಯಿಯಲ್ಲಿ ಹೆಸರು ಮಾಡಿದ ಹೆಬ್ಬಾರರ ರೇಖೆಗೆ ನಾಟ್ಯದ ಲಯವಿದೆ. ವೆಂಕಟಪ್ಪನವರ ತಾಳ್ಮೆಯ ಕುಸುರಿಯನ್ನು ಕಂಡ ಕಣ್ಣಿಗೆ ಆ ವೇಗ ಇನ್ನಷ್ಟು ಎದ್ದು ತೋರುತ್ತದೆ. ಇದೇ ಸಂಗ್ರಹದಲ್ಲಿರುವ ಶಿಲ್ಪಿ ರಾಜಾರಾಂ ಅವರ ಮರದ ಶಿಲ್ಪಗಳನ್ನು ಸುತ್ತು ಬಂದು ನೋಡಬೇಕು.

ಶಾಶ್ವತ ಸಂಗ್ರಹದಲ್ಲದೆ, ಇಂದಿನ ಕಲಾವಿದರು ಬಾಡಿಗೆಗೆ ಪಡೆದು ಪ್ರದರ್ಶನ ನಡೆಸುವ ಸಭಾಂಗಣಗಳೂ ಇದೇ ಕಟ್ಟಡದಲ್ಲಿವೆ. ಅಲ್ಲಿ ಕಲಾವಿದರೇ ಕುರ್ಚಿ ಹಾಕಿಕೊಂಡು ಕೂತಿರುವುದು ವಾಡಿಕೆ, ಮಾತನಾಡಿಸಲು ಸಂಕೋಚ ಬೇಡ. ಯಾವ ಕಾಗದ, ಯಾವ ಬಣ್ಣ, ಎಷ್ಟು ದಿನ ಹಿಡಿಯಿತು ಎಂದು ಕೇಳಿದರೆ ಸಂತೋಷದಿಂದ ಹೇಳುತ್ತಾರೆ. ಚಿತ್ರಶಾಲೆಯ ಹೊಣೆಯನ್ನು ಖಾಸಗಿ ಪ್ರತಿಷ್ಠಾನವೊಂದಕ್ಕೆ ವಹಿಸುವ ಯೋಜನೆ ಬಂದಾಗ, 2016ರ ಸುಮಾರಿಗೆ, ಬೀದಿಗಿಳಿದು ವಿರೋಧಿಸಿದವರು ಇಂಥ ಕಲಾವಿದರೇ. ಹೊರಡುವಾಗ ಸಂದರ್ಶಕರ ಪುಸ್ತಕ ಕಂಡರೆ ‘ಚೆನ್ನಾಗಿದೆ’ ಎಂದಷ್ಟೇ ಗೀಚದೆ, ಯಾವ ಚಿತ್ರಕ್ಕೆ ಕನ್ನಡ ವಿವರಣೆ ಬೇಕು, ಯಾವ ಗಾಜಿನ ಮೇಲೆ ದೀಪದ ಪ್ರತಿಫಲನ ಅಡ್ಡ ಬರುತ್ತದೆ ಎಂಬುದನ್ನು ಚಿತ್ರದ ಹೆಸರು ಸಹಿತ ಬರೆದಿಡಿ.