ಪೆಥಾಲಜಿ ಜರ್ನಲ್ ಒಂದರ ವಿಷಯ, ಸೈಟೇಶನ್ ಬಿಡಿಸಿ ನೋಡಿದ ಕ್ರಮ

ಪೆಥಾಲಜಿ ವಿಭಾಗದಲ್ಲಿ ಯಾವ ಜರ್ನಲ್‌ನ ಮಾತು ಬಂದರೂ ಮೊದಲ ಪ್ರಶ್ನೆ ಒಂದೇ: ‘ಇಂಪ್ಯಾಕ್ಟ್ ಫ್ಯಾಕ್ಟರ್ ಎಷ್ಟು?’ ಜರ್ನಲ್‌ನ ಬರಹಗಳಿಗೆ ಸರಾಸರಿ ಎಷ್ಟು ಸೈಟೇಶನ್ (ಬೇರೆ ಪೇಪರ್‌ಗಳಲ್ಲಿ ಉಲ್ಲೇಖ) ಬಂತು ಎಂದು ಹೇಳುವ ಆ ಅಂಕಿ ಸುಳ್ಳಲ್ಲ. ಆದರೆ ಜರ್ನಲ್ ಯಾವ ವಿಷಯಕ್ಕೆ ಎಷ್ಟು ಜಾಗ ಕೊಡುತ್ತದೆ, ಯಾವ ಬಗೆಯ ಬರಹ ಹಾಕುತ್ತದೆ ಎಂದು ಬಿಡಿಸಿ ನೋಡದಿದ್ದರೆ ಅದು ಹೇಳುವುದು ತೀರಾ ಕಡಿಮೆ. ಇಂಡಿಯನ್ ಜರ್ನಲ್ ಆಫ್ ಪೆಥಾಲಜಿ ಅಂಡ್ ಮೈಕ್ರೋಬಯಾಲಜಿಯನ್ನು (ಮುಂದೆ ಐಜೆಪಿಎಂ) ನಾನು ಹೀಗೆ ಬಿಡಿಸಿ ನೋಡಿದೆ. ಇದು ಇಂಡಿಯನ್ ಅಸೋಸಿಯೇಷನ್ ಆಫ್ ಪೆಥಾಲಜಿಸ್ಟ್ಸ್ ಅಂಡ್ ಮೈಕ್ರೋಬಯಾಲಜಿಸ್ಟ್ಸ್‌ನ ತ್ರೈಮಾಸಿಕ. ತೆಗೆದುಕೊಂಡ ಅವಧಿ 2014ರಿಂದ 2023, ಅಂದರೆ ಸಂಪುಟ 57ರಿಂದ 66. ಹತ್ತು ವರ್ಷಕ್ಕಿಂತ ಕಡಿಮೆ ಇಟ್ಟುಕೊಂಡರೆ ವಿಷಯಗಳು ಸರಿದಾಡಿದ್ದು ಕಾಣುವುದಿಲ್ಲ.

ಮೊದಲ ಕೆಲಸ ದಾಖಲೆ ಇಳಿಸಿಕೊಳ್ಳುವುದು. ಹೆಸರು ಹಾಕಿ ಹುಡುಕಬೇಡಿ. ಇಂಡಿಯನ್ ಜರ್ನಲ್ ಆಫ್ ಮೆಡಿಕಲ್ ಮೈಕ್ರೋಬಯಾಲಜಿ, ಇಂಡಿಯನ್ ಜರ್ನಲ್ ಆಫ್ ಪೆಥಾಲಜಿ ಅಂಡ್ ಆಂಕಾಲಜಿ ಎಲ್ಲ ಜೊತೆಯಲ್ಲೇ ನುಗ್ಗುತ್ತವೆ. ಮುದ್ರಿತ ಪ್ರತಿಯ ಐಎಸ್‌ಎಸ್‌ಎನ್ (ಜರ್ನಲ್‌ನ ಗುರುತಿನ ಸಂಖ್ಯೆ) 0377-4929, ಆನ್‌ಲೈನ್‌ನದು 0974-5130. ಎರಡನ್ನೂ ‘ಅಥವಾ’ ಹಾಕಿ ಹುಡುಕಿದರೆ ಬೇರೆ ಜರ್ನಲ್ ಒಳಗೆ ಬರುವುದಿಲ್ಲ. ಸೈಟೇಶನ್ ಡೇಟಾಬೇಸ್ ಆದ ವೆಬ್ ಆಫ್ ಸೈನ್ಸ್‌ನಲ್ಲಿ ರೆಫರೆನ್ಸ್ ಸಮೇತ ಪೂರ್ಣ ದಾಖಲೆ ಒಮ್ಮೆಗೆ 500 ಮಾತ್ರ ಇಳಿಯುತ್ತದೆ. ಹಾಗಾಗಿ ವರ್ಷವಾರು ಭಾಗ ಮಾಡಿ, ಫೈಲ್‌ನ ಹೆಸರಿನಲ್ಲೇ ವರ್ಷ ಮತ್ತು ಇಳಿಸಿದ ದಿನಾಂಕ ಬರೆದಿಟ್ಟೆ. ಸೈಟೇಶನ್ ದಿನದಿನಕ್ಕೆ ಏರುವ ಅಂಕಿ. ಇವತ್ತು 2014ರದ್ದು, ಮುಂದಿನ ತಿಂಗಳು 2020ರದ್ದು ಎಂದು ಇಳಿಸಿದರೆ ಎರಡನ್ನೂ ಪಕ್ಕಪಕ್ಕ ಇಡಲಾಗದು. ಎಲ್ಲವೂ ಒಂದೇ ದಿನ ಇಳಿಯಬೇಕು. ಕಾಲೇಜಿಗೆ ಸ್ಕೋಪಸ್ ಅಥವಾ ವೆಬ್ ಆಫ್ ಸೈನ್ಸ್ ಚಂದಾ ಇಲ್ಲದಿದ್ದರೆ ಓಪನ್‌ಅಲೆಕ್ಸ್ ಇದೆ. 2022ರಿಂದ ಉಚಿತವಾಗಿ ಸಿಗುತ್ತಿದೆ. ಮುಂದೆ ವಿಷಯದ ನಕ್ಷೆಗೆ ಬಳಸುವ ತಂತ್ರಾಂಶ ವಾಸ್‌ವ್ಯೂವರ್ ಅದನ್ನೂ ಓದುತ್ತದೆ.

ಇಳಿಸಿದ್ದನ್ನು ನಂಬಿ ಮುಂದೆ ಹೋಗಬಾರದು. ಪ್ರತಿ ಸಂಚಿಕೆಯ ಪರಿವಿಡಿ ತೆರೆದು, ಅಲ್ಲಿರುವ ಬರಹಗಳ ಎಣಿಕೆಯನ್ನು ನಮ್ಮ ದಾಖಲೆಯ ಎಣಿಕೆಯೊಂದಿಗೆ ಹೋಲಿಸಬೇಕು. ಹತ್ತು ವರ್ಷಕ್ಕೆ 40 ಮಾಮೂಲಿ ಸಂಚಿಕೆ. ಇದರ ಮೇಲೆ ಪೂರಕ ಸಂಚಿಕೆಗಳಿದ್ದರೆ ಅವುಗಳ ಪುಟಸಂಖ್ಯೆಯ ಮುಂದೆ ‘ಎಸ್’ ಇರುತ್ತದೆ. ತಪ್ಪಿಹೋಗುವುದು ಹೆಚ್ಚಾಗಿ ಇವೇ. ಪೂರಕ ಸಂಚಿಕೆ ಒಂದೇ ವಿಷಯಕ್ಕೆ ಮೀಸಲಾಗಿ ಬಂದಿದ್ದರೆ ಅದನ್ನು ಪ್ರತ್ಯೇಕ ಗುರುತು ಹಾಕಿ ಇಡಿ. ಇಲ್ಲದಿದ್ದರೆ ಆ ವರ್ಷ ಜರ್ನಲ್‌ನ ಒಲವೇ ಬದಲಾಯಿತೇನೋ ಎಂಬಂತೆ ಗ್ರಾಫ್ ಜಿಗಿಯುತ್ತದೆ.

ಎಕ್ಸೆಲ್‌ನಲ್ಲಿ ಫೈಲನ್ನು ನೇರವಾಗಿ ಡಬಲ್ ಕ್ಲಿಕ್ ಮಾಡಿ ತೆರೆಯುವುದು ಎಲ್ಲರೂ ಮಾಡುವ ತಪ್ಪು. ಪುಟ 5-8 ಎಂದಿದ್ದರೆ ಅದು ಆಗಸ್ಟ್ 5 ಅಥವಾ ಮೇ 8 ಆಗಿಬಿಡುತ್ತದೆ. ಸೆಪ್ಟಿನ್ ಕುಟುಂಬದ ಜೀನ್‌ಗಳ ಹಳೆಯ ಸಂಕೇತಗಳು ಸೆಪ್ಟೆಂಬರ್ ತಾರೀಖುಗಳಾಗುತ್ತಿದ್ದವು. ಈ ಕಾಟಕ್ಕೇ 2020ರಲ್ಲಿ ಆ ಜೀನ್‌ಗಳ ಅಧಿಕೃತ ಹೆಸರು ಬದಲಾಯಿಸಬೇಕಾಯಿತು. ಡೇಟಾ ಮೆನುವಿನಿಂದ ಇಂಪೋರ್ಟ್ ಮಾಡಿ, ಎಲ್ಲ ಕಾಲಂಗಳನ್ನೂ ‘ಟೆಕ್ಸ್ಟ್’ ಎಂದು ಗುರುತಿಸಿ, ಎನ್‌ಕೋಡಿಂಗ್ ಯುಟಿಎಫ್-8 ಎಂದು ಕೊಟ್ಟರೆ ಈ ತೊಂದರೆ ಬರುವುದಿಲ್ಲ.

ಬರಹದ ಬಗೆ ವಿಂಗಡಿಸುವುದು ಇಡೀ ಕೆಲಸದ ಬೆನ್ನೆಲುಬು. ಇದಕ್ಕೆ ಹೆಚ್ಚು ಸಮಯ ಕೊಡಿ. ವೆಬ್ ಆಫ್ ಸೈನ್ಸ್‌ನಲ್ಲಿ ಕೇಸ್ ರಿಪೋರ್ಟ್‌ಗೆ ಬೇರೆ ವರ್ಗವಿಲ್ಲ, ಸಾಮಾನ್ಯವಾಗಿ ಅದೂ ‘ಆರ್ಟಿಕಲ್’ ಎಂದೇ ದಾಖಲಾಗುತ್ತದೆ. ವೈದ್ಯಕೀಯ ಪೇಪರ್‌ಗಳ ಸೂಚಿಯಾದ ಪಬ್‌ಮೆಡ್‌ನಲ್ಲಿ ಮಾತ್ರ ‘ಕೇಸ್ ರಿಪೋರ್ಟ್ಸ್’ ಎಂಬ ಗುರುತು ಇದೆ. ಹಾಗಾಗಿ ಎರಡೂ ಕಡೆಯಿಂದ ಇಳಿಸಿ, ಡಿಒಐ (ಪ್ರತಿ ಪೇಪರ್‌ನ ಶಾಶ್ವತ ಗುರುತು) ಆಧಾರದ ಮೇಲೆ ಜೋಡಿಸಬೇಕು. ಇಲ್ಲೂ ಒಂದು ಕಲ್ಲು ಕಾಲಿಗೆ ಸಿಗುತ್ತದೆ. ಐಜೆಪಿಎಂನ ಡಿಒಐಗಳೆಲ್ಲ 10.4103 ಎಂದು ಶುರುವಾಗುತ್ತವೆ. ಹಳೆಯವುಗಳಲ್ಲಿ ಮುಂದಕ್ಕೆ ಐಎಸ್‌ಎಸ್‌ಎನ್ ಇದ್ದರೆ, ಈಚಿನವುಗಳಲ್ಲಿ ಜರ್ನಲ್‌ನ ಹೆಸರಿನ ಅಕ್ಷರಗಳಿವೆ. ಆ ಅಕ್ಷರಗಳು ಒಂದು ಕಡೆ ದೊಡ್ಡಕ್ಷರ, ಇನ್ನೊಂದು ಕಡೆ ಸಣ್ಣಕ್ಷರ. ಎಕ್ಸೆಲ್‌ನಲ್ಲಿ ಎರಡು ಪಟ್ಟಿ ಜೋಡಿಸುವ ವಿಲುಕ್‌ಅಪ್ ಈ ಭೇದ ಎಣಿಸುವುದಿಲ್ಲ, ಅಂಕಿಅಂಶಕ್ಕೆ ಬಳಸುವ ‘ಆರ್’ ಭಾಷೆ ಎಣಿಸುತ್ತದೆ. ಆರ್‌ನಲ್ಲಿ ಜೋಡಿಸುವ ಮೊದಲು ಎಲ್ಲವನ್ನೂ ಸಣ್ಣಕ್ಷರಕ್ಕೆ ಇಳಿಸಿ, ಮುಂದೆ ಅಂಟಿರುವ ವೆಬ್ ವಿಳಾಸ ಕತ್ತರಿಸದಿದ್ದರೆ ಅರ್ಧಕ್ಕರ್ಧ ಜೋಡಿಯಾಗದೆ ಉಳಿಯುತ್ತವೆ.

ಇಷ್ಟು ಕಷ್ಟ ಯಾಕೆಂದರೆ ಇಂಪ್ಯಾಕ್ಟ್ ಫ್ಯಾಕ್ಟರ್‌ನ ಲೆಕ್ಕವೇ ಹಾಗಿದೆ. 2023ರ ಅಂಕಿ ಬೇಕಾದರೆ, 2021 ಮತ್ತು 2022ರಲ್ಲಿ ಪ್ರಕಟವಾದದ್ದಕ್ಕೆ 2023ರಲ್ಲಿ ಬಂದ ಸೈಟೇಶನ್‌ಗಳನ್ನು ಆ ಎರಡು ವರ್ಷದ ಆರ್ಟಿಕಲ್ ಮತ್ತು ರಿವ್ಯೂಗಳ ಸಂಖ್ಯೆಯಿಂದ ಭಾಗಿಸುತ್ತಾರೆ. ಸಂಪಾದಕರಿಗೆ ಪತ್ರ, ಇಮೇಜ್, ಸಂಪಾದಕೀಯ ಇವು ಛೇದದಲ್ಲಿ ಇಲ್ಲ. ಆದರೆ ಅವಕ್ಕೆ ಬಂದ ಸೈಟೇಶನ್ ಅಂಶದಲ್ಲಿ ಸೇರುತ್ತದೆ. ಕೇವಲ ಉದಾಹರಣೆಗೆ ಒಂದು ಲೆಕ್ಕ ನೋಡಿ. ಎರಡು ವರ್ಷಕ್ಕೆ 300 ಆರ್ಟಿಕಲ್, 150 ಪತ್ರ. ಆರ್ಟಿಕಲ್‌ಗಳಿಗೆ 300 ಸೈಟೇಶನ್, ಪತ್ರಗಳಿಗೆ 60. ಅಧಿಕೃತ ಲೆಕ್ಕದಲ್ಲಿ 360ನ್ನು 300ರಿಂದ ಭಾಗಿಸಿ 1.2. ಆರ್ಟಿಕಲ್‌ಗಳನ್ನಷ್ಟೇ ನೋಡಿದರೆ 1.0. ಎಲ್ಲವನ್ನೂ ಸೇರಿಸಿದರೆ 0.8. ಮೂರೂ ಒಂದೇ ಜರ್ನಲ್. ಅಪರೂಪದ ಗೆಡ್ಡೆಯ ಒಂದು ಕೇಸನ್ನು ‘ಕೇಸ್ ರಿಪೋರ್ಟ್’ ಎಂದು ಹಾಕುವ ಬದಲು ‘ಪತ್ರ’ ಎಂದು ಹಾಕಿದರೂ ಅಂಕಿ ಮೇಲಕ್ಕೆ ಸರಿಯುತ್ತದೆ, ಬರಹ ಮಾತ್ರ ಅದೇ. ಅದಕ್ಕೇ ನಾನು ಈ ಮೂರನ್ನೂ ಒಂದೇ ಸಾಲಿನಲ್ಲಿ ಇಡುತ್ತೇನೆ.

ಸ್ಕೋಪಸ್‌ನ ಸೈಟ್‌ಸ್ಕೋರ್ ಇದರ ಪಕ್ಕ ಇಟ್ಟು ಹೋಲಿಸುವ ವಸ್ತುವಲ್ಲ. 2020ರಿಂದ ಅದು ನಾಲ್ಕು ವರ್ಷದ ಲೆಕ್ಕ: 2023ರ ಅಂಕಿಗೆ ಹಿಡಿಯುವುದು 2020ರಿಂದ 2023ರ ಪ್ರಕಟಣೆಗಳಿಗೆ ಅದೇ ನಾಲ್ಕು ವರ್ಷಗಳಲ್ಲಿ ಬಂದ ಸೈಟೇಶನ್. ಸ್ವಭಾವತಃ ಅದು ದೊಡ್ಡ ಅಂಕಿ. ಇಂಪ್ಯಾಕ್ಟ್ ಫ್ಯಾಕ್ಟರ್ ಕೇಳಿದ ಜಾಗದಲ್ಲಿ ಸೈಟ್‌ಸ್ಕೋರ್ ಬರೆಯುವವರಿದ್ದಾರೆ, ಅದು ಸರಿಯಲ್ಲ. ಇನ್ನೊಂದು ಎಚ್ಚರ: 2020ರ ಇಂಪ್ಯಾಕ್ಟ್ ಫ್ಯಾಕ್ಟರ್‌ನಿಂದ, ಸಂಚಿಕೆಗೆ ಸೇರುವ ಮೊದಲೇ ಆನ್‌ಲೈನ್ ಬಂದ ಪೇಪರ್‌ಗಳನ್ನೂ ಲೆಕ್ಕಕ್ಕೆ ಹಿಡಿಯತೊಡಗಿದರು. ಅದರ ಜೊತೆಗೇ ಕೋವಿಡ್ ಪೇಪರ್‌ಗಳ ಪ್ರವಾಹ. ಆ ವರ್ಷಗಳಲ್ಲಿ ಅನೇಕ ಜರ್ನಲ್‌ಗಳ ಅಂಕಿ ಉಬ್ಬಿ, ಮುಂದೆ ಇಳಿಯಿತು. ಈ ಇಳಿತವನ್ನು ಗುಣಮಟ್ಟ ಕುಸಿದಂತೆ ಓದಬಾರದು.

ಸರಾಸರಿ ಎಷ್ಟು ಮೋಸ ಮಾಡಬಲ್ಲದು ಎಂಬುದಕ್ಕೆ ಆಕ್ಟಾ ಕ್ರಿಸ್ಟಲೋಗ್ರಾಫಿಕಾ ಎ ಸಾಕು. 2008ರಲ್ಲಿ ಬಂದ ಒಂದೇ ಒಂದು ಪೇಪರ್‌ನಿಂದ ಅದರ ಅಂಕಿ 2ರ ಆಸುಪಾಸಿನಿಂದ 2009ಕ್ಕೆ 49.9ಕ್ಕೆ ಹಾರಿತು. ನಮ್ಮ ಕ್ಷೇತ್ರದಲ್ಲೂ ಇದರ ನೆರಳಿದೆ. ಮೆದುಳಿನ ಗೆಡ್ಡೆಗಳ ಡಬ್ಲ್ಯುಎಚ್‌ಒ ವರ್ಗೀಕರಣದ ಸಾರಾಂಶ 2007 ಮತ್ತು 2016ರಲ್ಲಿ ಆಕ್ಟಾ ನ್ಯೂರೋಪೆಥಾಲಜಿಕಾದಲ್ಲಿ ಬಂತು, 2021ರದ್ದು ನ್ಯೂರೋ-ಆಂಕಾಲಜಿಗೆ ಹೋಯಿತು. ಗ್ಲಯೋಮಾ ಕುರಿತು ಬರೆಯುವವರೆಲ್ಲ ಉಲ್ಲೇಖಿಸುವ ಪೇಪರ್ ಅದು. ಅದು ಯಾವ ಜರ್ನಲ್‌ನಲ್ಲಿ ಕೂರುತ್ತದೋ ಆ ಜರ್ನಲ್‌ನ ಸರಾಸರಿ ಏರುತ್ತದೆ. ಹಾಗಾಗಿ ಮಧ್ಯಾಂಕ, ಒಂದೂ ಸೈಟೇಶನ್ ಸಿಗದ ಪೇಪರ್‌ಗಳ ಶೇಕಡಾವಾರು, ಮೇಲಿನ ಹತ್ತು ಪೇಪರ್ ತೆಗೆದರೆ ಉಳಿಯುವ ಸರಾಸರಿ, ಈ ಮೂರನ್ನು ಬಗೆವಾರು ಲೆಕ್ಕ ಹಾಕಿದೆ. ಆರ್ಟಿಕಲ್, ರಿವ್ಯೂ, ಕೇಸ್ ರಿಪೋರ್ಟ್, ಪತ್ರ ಎಂದು ನಾಲ್ಕು ಸಾಲು ಮಾಡಿದರೆ ಜರ್ನಲ್‌ನ ನಿಜವಾದ ರೂಪ ಅಲ್ಲೇ ಕಾಣತೊಡಗುತ್ತದೆ.

ಇನ್ನು ವಿಷಯದ ನಕ್ಷೆ, ಅಂದರೆ ಯಾವ ಕೀವರ್ಡ್‌ಗಳು ಒಂದೇ ಪೇಪರ್‌ನಲ್ಲಿ ಜೊತೆಯಾಗಿ ಬರುತ್ತವೆ ಎಂದು ತೋರಿಸುವ ಚಿತ್ರ. ಇದಕ್ಕೆ ಬಳಸಿದ್ದು ಲೈಡನ್ ವಿಶ್ವವಿದ್ಯಾಲಯದವರ ಉಚಿತ ತಂತ್ರಾಂಶ ವಾಸ್‌ವ್ಯೂವರ್. ಲೇಖಕರೇ ಕೊಟ್ಟ ಕೀವರ್ಡ್ ತೆಗೆದುಕೊಳ್ಳಬೇಕೇ, ಡೇಟಾಬೇಸ್ ಸೇರಿಸಿದ ಸೂಚಿ ಪದಗಳನ್ನೇ? ಎರಡನೆಯದು ತೆಗೆದುಕೊಂಡರೆ ನಕ್ಷೆಯ ನಡುವೆ ‘ಮನುಷ್ಯ’, ‘ಹೆಣ್ಣು’, ‘ಗಂಡು’, ‘ವಯಸ್ಕ’ ಎಂಬ ದೊಡ್ಡ ಚೆಂಡುಗಳು ಕೂರುತ್ತವೆ. ನಾನು ಲೇಖಕರ ಕೀವರ್ಡ್‌ಗಳನ್ನೇ ಆರಿಸಿದೆ. ಕನಿಷ್ಠ ಐದು ಸಲ ಬಂದಿರಬೇಕೆಂಬುದು ತಂತ್ರಾಂಶ ತಾನೇ ಕೊಡುವ ಮಿತಿ, ಹತ್ತು ವರ್ಷದ ದಾಖಲೆಗೆ ಅದು ಸರಿಹೋಗುತ್ತದೆ. ಎಣಿಕೆಯನ್ನು ‘ಫ್ರಾಕ್ಷನಲ್’ ಇಟ್ಟೆ. ಇಲ್ಲದಿದ್ದರೆ ಹತ್ತು ಕೀವರ್ಡ್ ಹಾಕಿದ ಪೇಪರ್ ಮೂರು ಹಾಕಿದ್ದಕ್ಕಿಂತ ತೀರಾ ಹೆಚ್ಚು ತೂಗುತ್ತದೆ.

ಕೀವರ್ಡ್ ತೊಳೆಯುವುದೇ ಪೆಥಾಲಜಿ ಓದಿದವರು ಕೂತು ಮಾಡಬೇಕಾದ ಕೆಲಸ. ವಾಸ್‌ವ್ಯೂವರ್‌ಗೆ ಒಂದು ಥಿಸಾರಸ್ ಫೈಲ್ ಕೊಡಬಹುದು: ಎರಡು ಕಾಲಂ, ನಡುವೆ ಟ್ಯಾಬ್, ಎಡಕ್ಕೆ ಇರುವ ಪದ, ಬಲಕ್ಕೆ ಬೇಕಾದ ಪದ. ಬಲಗಡೆ ಖಾಲಿ ಬಿಟ್ಟರೆ ಆ ಪದ ನಕ್ಷೆಯಿಂದಲೇ ಹೋಗುತ್ತದೆ. ಟ್ಯೂಮರ್ ಪದದ ಬ್ರಿಟಿಷ್ ಮತ್ತು ಅಮೆರಿಕನ್ ಕಾಗುಣಿತ, ಎಫ್‌ಎನ್‌ಎಸಿ (ಸಣ್ಣ ಸೂಜಿಯಿಂದ ಕೋಶ ಹೀರಿ ಮಾಡುವ ಪರೀಕ್ಷೆ) ಮತ್ತು ಅದರ ಪೂರ್ಣರೂಪಗಳು, ಸ್ತನ ಕ್ಯಾನ್ಸರ್‌ನಲ್ಲಿ ನೋಡುವ ಹರ್‌2 ಪ್ರೋಟೀನ್‌ನ ನಾಲ್ಕಾರು ಬರವಣಿಗೆ, ಇವೆಲ್ಲ ಸುಲಭ. ಅಪಾಯವಿರುವುದು ಸಂಕ್ಷೇಪಗಳಲ್ಲಿ. ಎಎಂಎಲ್ ಎಂದರೆ ರಕ್ತದವರಿಗೆ ಅಕ್ಯೂಟ್ ಮೈಲಾಯ್ಡ್ ಲ್ಯುಕೀಮಿಯಾ, ಕಿಡ್ನಿಯವರಿಗೆ ಆಂಜಿಯೋಮಯೋಲಿಪೋಮಾ. ಪಿಎನ್‌ಇಟಿ ಎಂದರೆ ಒಬ್ಬರಿಗೆ ಮೇದೋಜೀರಕದ ನ್ಯೂರೋಎಂಡೋಕ್ರೈನ್ ಗೆಡ್ಡೆ, ಇನ್ನೊಬ್ಬರಿಗೆ ಪ್ರಿಮಿಟಿವ್ ನ್ಯೂರೋಎಕ್ಟೋಡರ್ಮಲ್ ಗೆಡ್ಡೆ. ಎಂಎಂ ಎಂದರೆ ಮೈಲೋಮಾವೂ ಹೌದು, ಮೆಲನೋಮಾವೂ ಹೌದು. ಕಣ್ಣುಮುಚ್ಚಿ ಒಂದೇ ಪದಕ್ಕೆ ಸೇರಿಸಿದರೆ ಲ್ಯುಕೀಮಿಯಾದ ಗುಂಪಿಗೂ ಕಿಡ್ನಿಯ ಗುಂಪಿಗೂ ಇಲ್ಲದ ಸೇತುವೆ ಕಟ್ಟಿದಂತಾಗುತ್ತದೆ. ಇಂಥ ಪದ ಬಂದ ಪ್ರತಿ ದಾಖಲೆಯ ಶೀರ್ಷಿಕೆ ಓದಿ, ಮೂಲ ಫೈಲ್‌ನಲ್ಲೇ ಪೂರ್ಣರೂಪ ಬರೆದೆ. ಬೇರೆ ದಾರಿಯಿಲ್ಲ.

ಇದಕ್ಕಿಂತ ನವಿರಾದ ತಪ್ಪೆಂದರೆ ರೋಗದ ಹೆಸರು ಬದಲಾಗುವುದು. ಮಲಿಗ್ನಂಟ್ ಫೈಬ್ರಸ್ ಹಿಸ್ಟಿಯೊಸೈಟೋಮಾ ಎಂಬ ಹೆಸರನ್ನು ಡಬ್ಲ್ಯುಎಚ್‌ಒ 2013ರಲ್ಲಿ ಕೈಬಿಟ್ಟಿತು. ಮೆದುಳ ಪೊರೆಯ ಹೀಮಾಂಜಿಯೊಪೆರಿಸೈಟೋಮಾ 2016ರಲ್ಲಿ ಸಾಲಿಟರಿ ಫೈಬ್ರಸ್ ಟ್ಯೂಮರ್‌ನೊಂದಿಗೆ ಜೋಡಿಹೆಸರಾಗಿ, 2021ಕ್ಕೆ ಆ ಹಳೆಯ ಪದವೇ ಹೋಯಿತು. ಥೈರಾಯ್ಡ್‌ನಲ್ಲಿ ಹಿಂದೆ ಕ್ಯಾನ್ಸರ್ ಎನ್ನುತ್ತಿದ್ದ ಒಂದು ಗೆಡ್ಡೆಗೆ 2016ರಲ್ಲಿ ಎನ್‌ಐಎಫ್‌ಟಿಪಿ ಎಂಬ ಹೊಸ ಹೆಸರು ಬಂತು. ಹತ್ತು ವರ್ಷದ ಗ್ರಾಫ್‌ನಲ್ಲಿ ಇವು ‘ಒಂದು ವಿಷಯ ಸತ್ತಿತು, ಇನ್ನೊಂದು ಹುಟ್ಟಿತು’ ಎಂಬಂತೆ ಕಾಣುತ್ತವೆ. ಸಂಶೋಧಕರ ಒಲವು ಬದಲಾಗಿಲ್ಲ, ಚೀಟಿ ಬದಲಾಗಿದೆ ಅಷ್ಟೆ. ಹಳೆ ಹೆಸರು, ಹೊಸ ಹೆಸರು ಎರಡನ್ನೂ ಒಂದೇ ಪದಕ್ಕೆ ಕಟ್ಟಿದ ಒಂದು ಥಿಸಾರಸ್, ಕಟ್ಟದ ಇನ್ನೊಂದು, ಹೀಗೆ ಎರಡು ಇಟ್ಟುಕೊಂಡು ಎರಡೂ ನಕ್ಷೆ ತೆಗೆದೆ. ಆದರೆ ಸೈಟಾಲಜಿಯ (ಬಿಡಿ ಕೋಶಗಳನ್ನು ನೋಡುವ ಪರೀಕ್ಷೆಯ) ವರದಿ ಪದ್ಧತಿಗಳ ವಿಚಾರ ಬೇರೆ. ಥೈರಾಯ್ಡ್‌ಗೆ ಬೆಥೆಸ್ಡಾ, ಮೂತ್ರಕ್ಕೆ 2016ರ ಪ್ಯಾರಿಸ್, ಲಾಲಾಗ್ರಂಥಿಗೆ 2018ರ ಮಿಲಾನ್ ಪದ್ಧತಿ ಬಂದ ಮೇಲೆ ಹಳೆ ಸ್ಲೈಡ್‌ಗಳನ್ನು ಹೊಸ ವರ್ಗಗಳಿಗೆ ಹಾಕಿ ನೋಡುವ ಪೇಪರ್‌ಗಳು ನಿಜವಾಗಿಯೂ ಹೊಸದಾಗಿ ಬರುತ್ತವೆ. ಅವನ್ನು ಕಟ್ಟಬಾರದು.

ಮೊದಲ ನಕ್ಷೆಯಲ್ಲಿ ‘ಇಮ್ಯೂನೊಹಿಸ್ಟೊಕೆಮಿಸ್ಟ್ರಿ’ ನಡುವೆ ಕೂತು ಎಲ್ಲ ಅಂಗಗಳಿಗೂ ಕೈ ಚಾಚಿರುತ್ತದೆ. ಅದು ವಿಧಾನ, ವಿಷಯವಲ್ಲ. ಅದನ್ನೂ ‘ಸೈಟಾಲಜಿ’, ‘ಹಿಸ್ಟೊಪೆಥಾಲಜಿ’, ‘ಕೇಸ್ ರಿಪೋರ್ಟ್’ ಪದಗಳನ್ನೂ ತೆಗೆದು ಎರಡನೇ ಸಲ ಓಡಿಸಿದಾಗ ಲಿಂಫೋಮಾ, ಸ್ತನ, ಕಿಡ್ನಿ, ಮೆದುಳು, ಥೈರಾಯ್ಡ್ ಗುಂಪುಗಳು ಬಿಡಿಬಿಡಿಯಾಗುತ್ತವೆ. ಸೂಕ್ಷ್ಮಜೀವಿಗಳ ಗುಂಪು ಒಂದು ಬದಿಗೆ ತೇಲಿ ನಿಲ್ಲುತ್ತದೆ. ಔಷಧ ನಿರೋಧ, ಶಿಲೀಂಧ್ರ, ಕ್ಷಯ ಇವುಗಳಿಗೆ ಗೆಡ್ಡೆಯ ಕೀವರ್ಡ್‌ಗಳೊಂದಿಗೆ ಹೆಚ್ಚು ನಂಟಿಲ್ಲ. ಅವನ್ನು ಉಲ್ಲೇಖಿಸುವವರೂ ಬೇರೆ: ಐಸಿಯು, ಸೋಂಕುರೋಗ, ಔಷಧಶಾಸ್ತ್ರದವರು. ಆದ್ದರಿಂದ ಎರಡು ಬೇರೆ ಓದುಗ ವರ್ಗದ ಸೈಟೇಶನ್‌ಗಳನ್ನು ಕೂಡಿಸಿದ ಸರಾಸರಿಯನ್ನು ಶುದ್ಧ ಸರ್ಜಿಕಲ್ ಪೆಥಾಲಜಿ ಜರ್ನಲ್‌ನ ಸರಾಸರಿಗೆ ಹೋಲಿಸುವುದು ನನಗೆ ಒಪ್ಪಿಗೆಯಿಲ್ಲ. ಗುಂಪುವಾರು ಲೆಕ್ಕ ಹಾಕಿದರೆ ಆ ಅನ್ಯಾಯ ತಪ್ಪುತ್ತದೆ.

ಸಂಸ್ಥೆಗಳ ಪಟ್ಟಿಯಲ್ಲಿ ಕರ್ನಾಟಕದ ದಾಖಲೆಗಳೇ ಹೆಚ್ಚು ಗೋಜಲು. 2014ರ ನವೆಂಬರ್ 1ರಂದು ಬೆಂಗಳೂರು, ಮೈಸೂರು, ಮಂಗಳೂರು, ಬೆಳಗಾವಿ, ಕಲಬುರಗಿ ಸೇರಿ 12 ಊರುಗಳ ಇಂಗ್ಲಿಷ್ ಕಾಗುಣಿತ, ಹೆಸರು ಬದಲಾದವು. ನಮ್ಮ ಅವಧಿ ಶುರುವಾಗುವುದೂ ಅದೇ ವರ್ಷ. ಲೇಖಕರು ವರ್ಷಗಟ್ಟಲೆ ಎರಡನ್ನೂ ಬರೆದಿದ್ದಾರೆ. ಹಾಗೇ ಬಿಟ್ಟರೆ ಒಂದೇ ಸಂಸ್ಥೆ ಎರಡಾಗಿ ಎಣಿಕೆಯಾಗಿ ಪಟ್ಟಿಯಲ್ಲಿ ಕೆಳಗಿಳಿಯುತ್ತದೆ. ಕೆಎಂಸಿ ಎಂದರೆ ಮಣಿಪಾಲದ್ದೇ, ಮಂಗಳೂರಿನದೇ, ಚೆನ್ನೈನ ಕಿಲ್ಪಾಕ್‌ನದೇ? ಜವಾಹರಲಾಲ್ ನೆಹರೂ ಮೆಡಿಕಲ್ ಕಾಲೇಜು ಬೆಳಗಾವಿಯಲ್ಲಿದೆ, ಅಲಿಗಢದಲ್ಲಿದೆ, ವಾರ್ಧಾದಲ್ಲೂ ಇದೆ. ಪಿನ್‌ಕೋಡ್ ಇದ್ದರೆ ಅದನ್ನೇ ಆಧಾರವಾಗಿ ಹಿಡಿಯಿರಿ, ಊರಿನ ಹೆಸರಿಗಿಂತ ಅದು ನಂಬಿಕಸ್ಥ.

ಇಂಪ್ಯಾಕ್ಟ್ ಫ್ಯಾಕ್ಟರ್‌ನ ಎರಡು ವರ್ಷದ ಕಿಟಕಿ ಪೆಥಾಲಜಿಗೆ ಕಿರಿದು. ಅಪರೂಪದ ಗೆಡ್ಡೆಯ ಕೇಸ್ ಸರಣಿಯನ್ನು ಜನ ಹುಡುಕುವುದು ಅಂಥದ್ದೇ ಕೇಸ್ ತಮ್ಮ ಮೈಕ್ರೋಸ್ಕೋಪಿನ ಕೆಳಗೆ ಬಂದಾಗ, ಅದು ಎಂಟು ವರ್ಷದ ಮೇಲೂ ಆಗಬಹುದು. ಅದಕ್ಕೆ ಪ್ರತಿ ಪ್ರಕಟಣಾ ವರ್ಷಕ್ಕೆ ಒಂದು ಸಾಲು, ಆಮೇಲಿನ ಪ್ರತಿ ವರ್ಷಕ್ಕೆ ಒಂದು ಕಾಲಂ ಇಟ್ಟು ಸೈಟೇಶನ್ ತುಂಬಿದೆ. ಎರಡನೇ ವರ್ಷಕ್ಕಿಂತ ಐದನೇ ವರ್ಷದಲ್ಲಿ ಹೆಚ್ಚು ಸೈಟೇಶನ್ ಬಂದ ಪೇಪರ್‌ಗಳನ್ನು ಬೇರೆ ಬಣ್ಣ ಹಾಕಿ, ಅವು ಯಾವ ಗುಂಪಿನವು ಎಂದು ನಕ್ಷೆಯಲ್ಲಿ ಗುರುತಿಸಿದೆ. ಇತ್ತೀಚಿನ ಎರಡು ವರ್ಷದ ಸಾಲುಗಳನ್ನು ಈ ಹೋಲಿಕೆಗೆ ಬಳಸಬಾರದು, ಅವಕ್ಕಿನ್ನೂ ಸಮಯ ಸಿಕ್ಕಿಲ್ಲ. ಬೇರೆ ಕ್ಷೇತ್ರದ ಜರ್ನಲ್‌ನೊಂದಿಗೆ ಹೋಲಿಸಲೇಬೇಕಾದರೆ 2021ರಿಂದ ಸಿಗುತ್ತಿರುವ ಜರ್ನಲ್ ಸೈಟೇಶನ್ ಇಂಡಿಕೇಟರ್ ಬಳಸಿ. ಅದರಲ್ಲಿ ಕ್ಷೇತ್ರ, ವರ್ಷ, ಬರಹದ ಬಗೆ ಮೂರನ್ನೂ ಸರಿದೂಗಿಸಿರುತ್ತಾರೆ, 1 ಎಂದರೆ ಜಾಗತಿಕ ಸರಾಸರಿ.

ಕೊನೆಗೆ ಪ್ರತಿ ಗುಂಪಿನಿಂದ ಯಾದೃಚ್ಛಿಕವಾಗಿ ಹತ್ತು ಪೇಪರ್ ತೆಗೆದು ಸಾರಾಂಶ ಓದಿ, ಅವು ನಿಜಕ್ಕೂ ಆ ಗುಂಪಿಗೆ ಸೇರಿದವೇ ಎಂದು ನೋಡಿದೆ. ಹತ್ತರಲ್ಲಿ ಎರಡಕ್ಕಿಂತ ಹೆಚ್ಚು ತಪ್ಪು ಕೂತಿದ್ದರೆ ಥಿಸಾರಸ್‌ಗೆ ವಾಪಸ್. ಸರಿಹೋದ ಮೇಲೆ ಮೂಲ ಫೈಲ್, ತೊಳೆದ ಫೈಲ್, ಎರಡೂ ಥಿಸಾರಸ್, ಇಳಿಸಿದ ದಿನಾಂಕ, ತಂತ್ರಾಂಶದ ಆವೃತ್ತಿ ಎಲ್ಲವನ್ನೂ ಒಂದೇ ಫೋಲ್ಡರ್‌ನಲ್ಲಿ ಇಟ್ಟರೆ, ಎರಡು ವರ್ಷದ ನಂತರ 67 ಮತ್ತು 68ನೇ ಸಂಪುಟ ಸೇರಿಸುವಾಗ ಅದೇ ಅಳತೆಗೋಲು ಕೈಗೆ ಸಿಗುತ್ತದೆ.