ದ್ಯಾಮವ್ವನಂತಾಗಿದ್ದ ಮರಿಯಮ್ಮ

ಬೆರಳು ಮುರಿದ, ಮುಖದ ಬಣ್ಣ ಎದ್ದ ಕ್ಯಾಥೊಲಿಕ್ ಚರ್ಚಿನ ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಪ್ರತಿಮೆ ರಿಪೇರಿ ಆಗಲ್ಲ, ಫೈಬರಿಂದು ಹೊಸದು ತರಿಸಿ ಅಂತ ಮೂರ್ತಿ ಮಾಡುವ ಹುಬ್ಬಳ್ಳಿಯ ನಮ್ಮ ಕಸುಬಿನವರೇ ನಾಲ್ಕು ಜನ ಹೇಳಿದ್ದರು. ಎರಡು ಮಳೆಗಾಲ ಕಳೆದವು. ನಾನು ಸರಿ ಮಾಡಿದ ಮಾತೆ ಮರಿಯಮ್ಮ ಗಟ್ಟಿಯಾಗಿ ನಿಂತಿದ್ದಾಳೆ. ಅದಕ್ಕೇ ಬರೆಯುತ್ತಿದ್ದೇನೆ.

ಗಣಪತಿ ಮಾಡುವವರಿಗೆ ಪಿಒಪಿ ಬಗ್ಗೆ ಏನು ಹೇಳೋದು? ಆದರೆ ಗಣಪತಿ ಹನ್ನೊಂದು ದಿನ ಬಾಳಿದರೆ ಸಾಕು, ಇದು ವರ್ಷಗಟ್ಟಲೆ ನಿಲ್ಲಬೇಕು. ನಾನು ಮರೆತಿದ್ದು ಅದನ್ನೇ. ಬೆರಳಿಗೆ ಬೈಂಡಿಂಗ್ ತಂತಿ ಹಾಕಿದೆ, ತಿಂಗಳೊಳಗೆ ತುಕ್ಕಿನ ಕಲೆ ಹೊರಬಂತು. ಒಡೆದು ಹಿತ್ತಾಳೆ ತಂತಿ ಹಾಕಿದೆ. ಒಳಗೆ ತೇವ ಇದ್ದಾಗಲೇ ಆಯಿಲ್ ಪೇಂಟ್ ಹೊಡೆದೆ, ಹಪ್ಪಳದಂಗೆ ಎದ್ದಿತು. ಸುಮಾರು 20 ದಿನ ಫ್ಯಾನಿನ ಕೆಳಗೆ ಒಣಗಿಸಿ, ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗು ಎರಡು ಕೈ ಕೊಟ್ಟ ಮೇಲೆಯೇ ಬಣ್ಣ ಕೂತಿದ್ದು. ಮಾತಾಡಿದ್ದು 4 ಸಾವಿರ, ಖರ್ಚಾಗಿದ್ದು 6ರ ಹತ್ತಿರ. ಮೈಬಣ್ಣ ಹೇಗೆ ಬೆರೆಸಿದೆ ಅಂತ ಮಾತ್ರ ಕೇಳಬೇಡಿ, ಅದು ನನ್ನ ಅನ್ನ.

ನಡುವೆ ಗೋದಲಿಯ (ಯೇಸು ಹುಟ್ಟಿದ ಕೊಟ್ಟಿಗೆ ತೋರಿಸುವ ಕ್ರಿಸ್‌ಮಸ್ ಬೊಂಬೆಗಳ) ಕುರಿಗಳನ್ನು ಪೇಪರ್, ಹುಣಸೆಬೀಜದ ಅಂಟಿನಲ್ಲಿ ಮಾಡಿ ನೋಡಿದೆ. ಹಗುರ, ಚಂದ. ಇಲಿಗಳು ಕಿವಿ ತಿಂದವು.

ಜಾಸ್ತಿ ಕಾಡಿದ್ದು ಕಣ್ಣು. ಕೈ ರೂಢಿಯಂತೆ ಅಗಲ ಕಣ್ಣು, ನೇರ ನೋಟ ಬರೆದೆ. ನೋಡೋಕೆ ಬಂದ ಅಜ್ಜಿ, "ಯಪ್ಪಾ, ಇಕಿ ನಮ್ಮ ಮರಿಯಮ್ಮ ಅಲ್ಲ, ದ್ಯಾಮವ್ವ ಆಗ್ಯಾಳ" ಅಂದರು. ದ್ಯಾಮವ್ವ ಅಂದರೆ ನಮ್ಮ ಕಡೆಯ ಗ್ರಾಮದೇವತೆ. ಅಳಿಸಿ ಬರೆದೆ, ನಿದ್ದೆಗಣ್ಣಾಯಿತು. ಮೂರನೇ ಸಲ ರೆಪ್ಪೆ ಅರ್ಧ ಇಳಿಸಿ, ಕರಿಗುಡ್ಡೆಯನ್ನು ಕೆಳಗೆ ತಂದೆ. ಕೆಳಗೆ ಮೊಣಕಾಲೂರಿ ಕೂತವರನ್ನೇ ನೋಡಿದಂಗಾಯಿತು. ಅಜ್ಜಿ ಮಾತಾಡಲಿಲ್ಲ, ಶಿಲುಬೆ ಗುರುತು ಹಾಕಿಕೊಂಡರು.

"ಪ್ರಾಣಪ್ರತಿಷ್ಠೆ ಯಾವಾಗ ಫಾದರ್?" ಅಂತ ಕೇಳಿದೆ. ನಕ್ಕರು. "ನಮ್ಮಲ್ಲಿ ಅದಿಲ್ಲ, ಪ್ರಾರ್ಥನೆ ಮಾಡಿ ಪವಿತ್ರ ಜಲ ಚಿಮುಕಿಸ್ತೀವಿ. ಆರಾಧನೆ ದೇವರಿಗೆ ಮಾತ್ರ. ಮರಿಯಮ್ಮನಿಗೆ ಗೌರವ, ಅದೂ ಈ ಪಿಒಪಿಗಲ್ಲ, ಆಕೆಗೆ." ಕ್ರಿ.ಶ. 787ರಲ್ಲೇ ನೈಸಿಯಾದಲ್ಲಿ ಸೇರಿದ್ದ ಬಿಷಪ್ಪರ ಸಭೆ ಇದನ್ನು ತೀರ್ಮಾನಿಸಿತ್ತಂತೆ. 1837ರಲ್ಲಿ ಧಾರವಾಡಕ್ಕೆ ಬಂದ ಬಾಸೆಲ್ ಮಿಷನ್ನಿನವರು ಪ್ರೊಟೆಸ್ಟಂಟರು, ಅವರ ಚರ್ಚುಗಳಲ್ಲಿ ಪ್ರತಿಮೆ ಇಡಲ್ಲ. ಅಲ್ಲಿ ನನಗೆ ಗಿರಾಕಿ ಇಲ್ಲ ಬಿಡಿ.

ಮೊನ್ನೆ ಸೆಪ್ಟೆಂಬರ್ 8ರ ಮರಿಯಮ್ಮನ ಹುಟ್ಟುಹಬ್ಬಕ್ಕೆ ಹೋಗಿದ್ದೆ. ಜನ ಮುಟ್ಟಿ ಮುಟ್ಟಿ ಬಲಗಾಲ ಹೆಬ್ಬೆರಳು ಮತ್ತೆ ಬಿಳಿ ಆಗಿದೆ. ಪುಕ್ಕಟೆ ಬಣ್ಣ ಹಚ್ಚಿಕೊಡ್ತೀನಿ ಅಂದೆ, ಫಾದರ್ ಬೇಡ ಅಂದರು.