ಒಲೆ ಹಚ್ಚೋಕೆ ಸೈಕಲ್ ಟ್ಯೂಬ್

ನಾನು ಸಿದ್ದಾಪುರ ಕಡೆಯ ಒಂದು ಅಂಗನವಾಡಿಯಲ್ಲಿ ಟೀಚರ್. ಜುಲೈನಲ್ಲಿ ಕಾಫಿ ತೋಟದ ಕೂಲಿಯವರ ಸಾಲುಮನೆಗಳಿಗೆ, ಅಂದರೆ ಲೈನ್ ಮನೆಗಳಿಗೆ, ಹೋದರೆ ಮೊದಲು ಮೂಗಿಗೆ ಬಡಿಯುವುದು ಸುಟ್ಟ ರಬ್ಬರ್ ವಾಸನೆ. ಕೊಡಗಿನ ಮಳೆ ಗೊತ್ತಲ್ವಾ, ಸೌದೆ ಒಣಗುವ ಮಾತೇ ಇಲ್ಲ. ಕಪಾತಿನಲ್ಲಿ ಕತ್ತರಿಸಿದ ಕಾಫಿ ಕಡ್ಡಿ, ಮೇಲೊಂದು ಸಿಲ್ವರ್ ಓಕ್ ಸೀಳು, ಅಡಿಯಲ್ಲಿ ಬೆರಳುದ್ದ ಹಳೇ ಸೈಕಲ್ ಟ್ಯೂಬ್. ಬೆಂಕಿಕಡ್ಡಿ ಗೀರಿದರೆ ಭಗ್ಗಂತ ಹತ್ತಿಕೊಳ್ಳುತ್ತದೆ. ಇರಚಲಿಗೆ ಬಾಗಿಲು ಕಿಟಕಿ ಎಲ್ಲ ಬಂದ್. ಚಳಿ ಅಂತ ಮಕ್ಕಳೆಲ್ಲ ಒಲೆ ಮುಂದೆ.

ಸುಳ್ಳು ಯಾಕೆ, ನನ್ನ ತವರಲ್ಲೂ ಹೀಗೇ ಹಚ್ಚುತ್ತಿದ್ದರು.

ಅಂಥ ಒಂದು ದಿನ ಒಂದೂವರೆ ವರ್ಷದ ಹುಡುಗಿಯೊಬ್ಬಳು ಕೆಮ್ಮುತ್ತಾ ಕೂತಿದ್ದಳು. ಮೂರು ತಿಂಗಳಿಂದ ತೂಕ ಏರಿರಲಿಲ್ಲ. ಅಂಗಿ ಎತ್ತಿ, ಗಡಿಯಾರ ನೋಡುತ್ತಾ ಪೂರ್ತಿ ಒಂದು ನಿಮಿಷ ಉಸಿರು ಎಣಿಸಿದೆ. 52. ವರ್ಷ ತುಂಬಿದ ಮಗುವಿಗೆ 40 ಮುಟ್ಟಿದರೇ ನ್ಯುಮೋನಿಯಾ ಅನುಮಾನ. ವರ್ಷದೊಳಗಿನ, ಎರಡು ತಿಂಗಳು ದಾಟಿದ ಕೂಸಿಗೆ 50. ತೋಟದ ಜೀಪಿನಲ್ಲೇ ಆಸ್ಪತ್ರೆಗೆ ಕಳಿಸಿದೆವು. ಹುಡುಗಿ ಹುಷಾರಾದಳು.

ಹೊಗೆಯೊಂದೇ ಕಾರಣ ಅನ್ನಲಾರೆ. ಆದರೆ ಸೌದೆ ಹೊಗೆ ತುಂಬಿದ ಮನೆಯಲ್ಲಿ ಮಕ್ಕಳಿಗೆ ನ್ಯುಮೋನಿಯಾ ಬರುವುದು ಜಾಸ್ತಿ. ಮೈತೂಕಕ್ಕೆ ಹೋಲಿಸಿದರೆ ಮಕ್ಕಳು ನಮಗಿಂತ ಹೆಚ್ಚು ಗಾಳಿ ಎಳೆದುಕೊಳ್ಳುತ್ತಾರೆ. ಆ ಗಾಳಿಯ ಜೊತೆ ಮಸಿಯೂ ಒಳಗೆ ಹೋಗುತ್ತದೆ.

ತಾಯಂದಿರ ಸಭೆಯಲ್ಲಿ ಚಾರ್ಟ್ ಹಿಡಿದು ಭಾಷಣ ಮಾಡಿದೆ. ಎಲ್ಲರೂ ತಲೆಯಾಡಿಸಿದರು. ಒಬ್ಬ ಅಜ್ಜಿ ಮಾತ್ರ, “ಟ್ಯೂಬ್ ಬೇಡ ಅಂದ್ರೆ ಬೆಳಿಗ್ಗೆ ಐದಕ್ಕೆ ನೀವು ಬಂದು ಒಲೆ ಹಚ್ತೀರಾ ಟೀಚರೇ?” ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಮುಂದಿನ ವರ್ಷ ಏಪ್ರಿಲ್‌ನಲ್ಲೇ ಶುರು ಮಾಡಿದೆ. ತೆಂಗಿನ ನಾರು, ಗರಿ, ಚಿಪ್ಪು, ಸಣ್ಣ ಪುಳ್ಳೆ ಎಲ್ಲ ಬಿಸಿಲಲ್ಲಿ ಒಣಗಿಸಿ ಮನೆಗೆ ಎರಡು ಚೀಲ, ಒಲೆ ಮೇಲಿನ ಅಟ್ಟಕ್ಕೆ. ಚೀಲ ಹೊರಲು ಅದೇ ಅಜ್ಜಿಯೇ ಮೊದಲು ಬಂದರು. ಹೊಗೆ ಹೋಗಿ ಉರಿ ಏಳುವವರೆಗೆ ಮಕ್ಕಳು ಆಚೆ ಕೋಣೆಯಲ್ಲಿ ಅಂತ ಮಾತಾಯಿತು. ಆ ಮಳೆಗಾಲ ಹೆಚ್ಚಿನ ಮನೆಗಳಲ್ಲಿ ಟ್ಯೂಬ್ ವಾಸನೆ ಇರಲಿಲ್ಲ. ಎರಡು ಮನೆಯಲ್ಲಿ ಇತ್ತು. ಆಗಸ್ಟ್‌ಗೇ ಚೀಲ ಖಾಲಿ.

ಅಟ್ಟಕ್ಕೆ ಚೀಲ ಏರಿಸುವಾಗ ಮೂಲೆಯಲ್ಲೊಂದು ಬಿಳಿ ಕ್ಯಾನ್ ಕಣ್ಣಿಗೆ ಬಿತ್ತು. ಅರ್ಧ ಹರಿದ ಲೇಬಲ್. ಕಾಫಿಯ ಕಾಯಿಕೊರಕ ಹುಳಕ್ಕೆ ಹೊಡೆಯುವ ಕ್ಲೋರೋಪೈರಿಫಾಸ್! ಒಳಗೆ ಕುಡಿಯುವ ನೀರು. “ಸೋಪು ಹಾಕಿ ತೊಳ್ದಿದ್ದೀನಿ ಟೀಚರೇ, ವಾಸ್ನೆನೇ ಇಲ್ಲ ನೋಡಿ” ಅಂದಳು ಆ ಮನೆಯವಳು. ವಾಸನೆ ಹೋದರೂ ಪ್ಲಾಸ್ಟಿಕ್ ಹೀರಿಕೊಂಡ ವಿಷ ಹೋಗುವುದಿಲ್ಲ. ಆ ಔಷಧಿ ಹುಳದ ನರಕ್ಕೆ ಹೊಡೆಯುತ್ತದೆ. ನಮ್ಮ ನರ ಕೆಲಸ ಮಾಡುವುದೂ ಅದೇ ರೀತಿ. ಹೊಟ್ಟೆಯಲ್ಲಿರುವ ಕೂಸಿಗೆ, ಇನ್ನೂ ಮೆದುಳು ಬೆಳೆಯುತ್ತಿರುವ ಮಗುವಿಗೆ ಸ್ವಲ್ಪವೂ ಬೇಡ. ಆ ಮನೆಯವಳು ಆಗ ಐದು ತಿಂಗಳ ಬಸುರಿ.

ಈ ಸಲ ಸಭೆ ಕರೆಯಲಿಲ್ಲ, ನೇರ ತೋಟದ ಕೆಲಸ ನೋಡಿಕೊಳ್ಳುವ ರೈಟರ್ ಹತ್ತಿರ ಹೋದೆ. ಖಾಲಿ ಕ್ಯಾನ್ ಮೂರು ಸಲ ತೊಳೆದು, ಆ ನೀರನ್ನು ಔಷಧಿ ಕಲೆಸುವ ಡ್ರಮ್ಮಿಗೇ ಸುರಿದು, ಕ್ಯಾನಿಗೆ ಕತ್ತಿಯಿಂದ ತೂತು ಹಾಕಿಸಿ ಅಂದೆ. “ತೂತಾದ್ರೆ ಗುಜರಿಯವ್ನು ಕಾಸು ಕೊಡಲ್ಲ” ಅಂತ ಗೊಣಗಿದರು. ಆದರೂ ಹಾಕಿಸಿದರು. ಸಾಹುಕಾರರು ಮುಚ್ಚಳ ಇರುವ ಬಿಂದಿಗೆ ಕೊಡಿಸಿದರು.

ಬಟ್ಟೆ ವಿಷಯ ಮಾತ್ರ ಹಾಗೇ ಇದೆ. ಔಷಧಿ ಹೊಡೆದು ಬಂದವರ ಬಟ್ಟೆಗೂ ಕೂಸಿನ ಬಟ್ಟೆಗೂ ಒಂದೇ ನಲ್ಲಿ, ಒಂದೇ ಕಲ್ಲು. ಇನ್ನೊಂದು ಕಲ್ಲು ಹಾಕಿಸಿ ಅಂತ ಕೇಳಿ ವರ್ಷವಾಯಿತು. ಸಿಕ್ಕಾಗಲೆಲ್ಲ ರೈಟರ್, “ಮಳೆ ನಿಲ್ಲಲಿ ಟೀಚರೇ” ಅನ್ನುತ್ತಾರೆ.